ಅರಳು ಮರಳು: ಗಾದೆಯ ತಿಳಿವಳಿಕೆ ಮತ್ತು ಇಲಿಯ ಸಾಕ್ಷ್ಯ

‘ಅರುವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕನ್ನಡ ನಾಡಿನ ಇತರೆಡೆಗಳಂತೆ ತೀರ್ಥಹಳ್ಳಿ ಸೀಮೆಯ ಮೇಗರವಳ್ಳಿಯಂತಹ ಊರುಗಳಿಗೂ ಪರಿಚಿತವಾದುದು. ಹಿರಿಯರ ಮರೆವನ್ನು ವಯೋಧರ್ಮವೆಂದು ಸಹಿಸಿಕೊಳ್ಳುವ ಔದಾರ್ಯ ಈ ಮಾತಿನಲ್ಲಿದೆ. ಆದರೆ ಕಾಯಿಲೆಯನ್ನು ಕಾಯಿಲೆಯೆಂದು ಗುರುತಿಸದೆ ಉಳಿಯುವ ಅಪಾಯವೂ ಅದರಲ್ಲಿಯೇ ಅಡಗಿದೆ. ಅಲ್ಜೈಮರ್, ಪಾರ್ಕಿನ್ಸನ್ ರೋಗಗಳು ಬರಿಯ ಮುಪ್ಪಲ್ಲ. ಅವುಗಳಲ್ಲಿ ಆಕಾರಗೆಟ್ಟ ಪ್ರೋಟೀನುಗಳು ಮಿದುಳಿನಲ್ಲಿ ಗಂಟುಗಟ್ಟುತ್ತವೆ. ನರಕೋಶಗಳು ಕ್ರಮೇಣ ನಶಿಸುತ್ತವೆ.

ಮಲೆನಾಡಿನಲ್ಲಿ ಕೊಟ್ಟಿಗೆಗೆ ಹಾಸಿದ ಸೊಪ್ಪು ಗುಂಡಿಯಲ್ಲಿ ಕೊಳೆತು, ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹಿಂದಿರುಗುತ್ತದೆ. ಜೀವಕೋಶದ ವ್ಯವಸ್ಥೆಯೂ ಇದಕ್ಕೆ ಸಮೀಪವಾದುದು. ಅದು ಹಾಳಾದ ಪ್ರೋಟೀನುಗಳನ್ನು ಅಮೈನೋ ಆಮ್ಲಗಳಾಗಿ ಒಡೆದು ಪುನಃ ಬಳಸಿಕೊಳ್ಳುತ್ತದೆ. ‘ಆಟೋಫೇಜಿ’ ಎಂಬ ಈ ಕ್ರಿಯೆಯ ಮರ್ಮವನ್ನು ಯೀಸ್ಟ್ ಕೋಶಗಳಲ್ಲಿ ಕಂಡುಕೊಂಡ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಈ ಕ್ರಿಯೆ ನಿಂತರೆ ಆಗುವುದೇನು? ಬದುಕಿರುವ ಮನುಷ್ಯನ ಮಿದುಳಿನಲ್ಲಿ ಅದನ್ನು ನಿಲ್ಲಿಸಿ ನೋಡುವಂತಿಲ್ಲ. ಪ್ರಾಣಿ ಮಾದರಿಗಳು ಅಗತ್ಯವಾಗುವುದು ಇಲ್ಲಿಯೇ. 2006ರಲ್ಲಿ ಜಪಾನಿನ ಎರಡು ತಂಡಗಳು ಇಲಿಗಳ ನರಕೋಶಗಳಲ್ಲಿ ಆಟೋಫೇಜಿಗೆ ಬೇಕಾದ ಜೀನುಗಳನ್ನು ತೆಗೆದುಹಾಕಿದವು. ರೋಗಕಾರಕ ಪ್ರೋಟೀನನ್ನು ಹೊರಗಿನಿಂದ ಸೇರಿಸದಿದ್ದರೂ ಆ ಇಲಿಗಳ ನರಕೋಶಗಳಲ್ಲಿ ಗಂಟುಗಳು ಕಾಣಿಸಿಕೊಂಡವು, ಚಲನೆ ತಪ್ಪಿತು. ಕಸ ಹೆಚ್ಚುವುದಷ್ಟೇ ಅಲ್ಲ, ಕಸ ಕರಗದಿರುವುದೂ ರೋಗಕ್ಕೆ ದಾರಿಯಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಈ ಜಾಡಿನಲ್ಲಿಯೇ ಮುಂದುವರಿಯಿತು. ಆಟೋಫೇಜಿಯನ್ನು ಚುರುಕುಗೊಳಿಸುವ ‘6-ಬಯೊ’ ಎಂಬ ಸಂಯುಕ್ತವನ್ನು ತಂಡವು ಮೊದಲು ಯೀಸ್ಟ್‌ನಲ್ಲಿಯೂ ಬಳಿಕ ಪಾರ್ಕಿನ್ಸನ್ ಮಾದರಿಯ ಇಲಿಗಳಲ್ಲಿಯೂ ಪರೀಕ್ಷಿಸಿತು. ಇಲಿಗಳ ನರಕೋಶಗಳಿಗೆ ಅದರಿಂದ ರಕ್ಷಣೆ ದೊರೆತುದನ್ನು 2017ರಲ್ಲಿ ಪ್ರಕಟಿಸಿತು.

ಆದರೂ ಇಲಿ ಮನುಷ್ಯನಲ್ಲ. ಈ ಪ್ರಯೋಗದಲ್ಲಿ ವಿಷವಸ್ತುವಿನಿಂದ ಕೆಲವೇ ದಿನಗಳಲ್ಲಿ ಉಂಟುಮಾಡಿದ ಹಾನಿ, ಮನುಷ್ಯನಲ್ಲಿ ದಶಕಗಳ ಕಾಲ ಬೆಳೆಯುವ ರೋಗದ ಒಂದು ಮುಖವನ್ನಷ್ಟೇ ತೋರಿಸಬಲ್ಲದು. ಇಲಿಯಲ್ಲಿ ಫಲಿಸಿದುದನ್ನೆಲ್ಲ ಔಷಧಿಯೆಂದು ಸಾರುವುದು, ಮರೆವನ್ನೆಲ್ಲ ಮುಪ್ಪೆಂದು ತಳ್ಳಿಹಾಕುವಷ್ಟೇ ತಪ್ಪಾದೀತು.

ಗಾದೆ ಕಲಿಸಿದ ಸಹನೆಯನ್ನು ಕೈಬಿಡಬೇಕಾಗಿಲ್ಲ. ದಾರಿ ತಪ್ಪುವ ಅಜ್ಜನನ್ನು, ಮಕ್ಕಳ ಹೆಸರು ಮರೆಯುವ ಅಜ್ಜಿಯನ್ನು ಅದೇ ಸಹನೆಯಿಂದ ವೈದ್ಯರ ಬಳಿಗೂ ಕರೆದೊಯ್ಯಬೇಕಾಗಿದೆ.