ಪಂಚಾಯಿತಿ ಬಾಗಿಲಲ್ಲೇ ನಿಂತ ಕೇಬಲ್

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಚಿತ್ರವೊಂದು ನಾಡೆಲ್ಲ ಹರಿದಾಡಿತು: ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿರುವ ಹುಡುಗಿ, ಕೊಡೆ ಹಿಡಿದು ನಿಂತ ಅಪ್ಪ. ಅಪ್ಪನ ಅಕ್ಕರೆಯನ್ನು ಕೊಂಡಾಡಿದೆವು. ಸಿಗ್ನಲ್‌ಗಾಗಿ ಮಗಳು ಬೀದಿಗೆ ಬರಬೇಕಾದದ್ದು ಯಾಕೆ ಎಂಬ ಪ್ರಶ್ನೆ ಅಷ್ಟಾಗಿ ಏಳಲಿಲ್ಲ.

ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ, 2011ರ ಅಕ್ಟೋಬರ್‌ನಲ್ಲಿ, ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯಲು ಕೇಂದ್ರ ಸಂಪುಟ ಒಪ್ಪಿತ್ತು. ಇಂದಿನ ಭಾರತ್‌ನೆಟ್ ಅದೇ. ಅದಕ್ಕೆ ಹಣ ಬರುವುದು ಟೆಲಿಕಾಂ ಕಂಪನಿಗಳು ತಮ್ಮ ಆದಾಯದಲ್ಲಿ ಶೇ 5ರಷ್ಟು ಕಟ್ಟುವ ನಿಧಿಯಿಂದ. ಕಂಪನಿಗಳ ಆದಾಯವೆಂದರೆ ನಮ್ಮ ರೀಚಾರ್ಜ್. ಸಿಗ್ನಲ್‌ಗಾಗಿ ಗುಡ್ಡ ಹತ್ತುವವರ ದುಡ್ಡೂ ಅದರಲ್ಲಿದೆ.

ಕೇಬಲೇನೋ ಅನೇಕ ಪಂಚಾಯಿತಿ ಕಚೇರಿಗಳನ್ನು ಮುಟ್ಟಿತು. ಅಲ್ಲಿಂದ ಮನೆಗೆ ಒಯ್ಯುವವರು ಹೆಚ್ಚಿರಲಿಲ್ಲ. ಬಹುಪಾಲು ಕಡೆ ಒಂದೇ ಎಳೆಯಾಗಿ ಹಾಕಿದ್ದರಿಂದ, ರಸ್ತೆ ಅಗೆಯುವ ಜೆಸಿಬಿ ಒಂದು ಕಡೆ ಕತ್ತರಿಸಿದರೆ ಮುಂದಿನ ಊರುಗಳೆಲ್ಲ ಬಂದ್. ಪಡಿತರಕ್ಕೆ ಬೆರಳೊತ್ತಲು, ಪಹಣಿ ತೆಗೆಸಲು ಬಂದವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ. ಆ ‘ನಾಳೆ’ಗೆ ಅವರು ತೆರುವುದು ಒಂದು ದಿನದ ಕೂಲಿ.

ಟವರ್ ಸಾಲದೇ ಎನ್ನುವವರಿದ್ದಾರೆ. ಮಲೆನಾಡಿನ ಗುಡ್ಡಗಳು ಅಲೆಗಳನ್ನು ತಡೆಯುತ್ತವೆ. ಟವರ್‌ಗೂ ವೇಗ ಬೇಕೆಂದರೆ ಫೈಬರೇ ಬೇಕು.

ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. ಇಂಟರ್ನೆಟ್ ಬಳಕೆ ಶಿಕ್ಷಣ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಅಲ್ಲಿನ ಹೈಕೋರ್ಟ್ 2019ರಲ್ಲೇ ಹೇಳಿತ್ತು. 2023ರ ಜೂನ್‌ನಲ್ಲಿ ಸರ್ಕಾರದ ಫೈಬರ್ ಜಾಲ ಕೆ-ಫೋನ್ ಉದ್ಘಾಟನೆಯಾಯಿತು. ವಿದ್ಯುತ್ ಮಂಡಳಿಯ ಕಂಬಗಳ ಮೇಲೇ ಕೇಬಲ್ ಎಳೆದರು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿ ಇಟ್ಟರು. ಗುರಿ ಇನ್ನೂ ದೂರವಿದೆ. ಆದರೂ ಇದು ಮನೆಮನೆಗೆ ತಲುಪಿಸಬೇಕಾದ ಸೇವೆ ಎಂದು ಒಂದು ಸರ್ಕಾರ ಒಪ್ಪಿಕೊಂಡದ್ದನ್ನು ನಾನು ಚಿಕ್ಕದೆಂದು ಎಣಿಸಲಾರೆ. ನಮ್ಮಲ್ಲೂ ಕರೆಂಟ್ ಕಂಬ ಒಂಟಿಮನೆಗಳವರೆಗೆ ಹೋಗಿದೆ; ಅದರ ಮೇಲೆ ಕೇಬಲೂ ಹೋಗಬಹುದು.

ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಅಡಕವೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಕ್ಕು ಹಳ್ಳಿಗೆ ತಲುಪಬೇಕಾದದ್ದು ಈ ಕೇಬಲ್‌ನಿಂದಲೇ. 2023ರಲ್ಲಿ ಒಪ್ಪಿಗೆ ಪಡೆದ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್‌ನಲ್ಲಿ ಕೇಬಲನ್ನು ಉಂಗುರದಂತೆ ಹಾಕುತ್ತಾರೆ. ಒಂದು ಬದಿ ತುಂಡಾದರೂ ಇನ್ನೊಂದು ಬದಿಯಿಂದ ಸಂಪರ್ಕ ಉಳಿಯುತ್ತದೆ. ಹತ್ತು ವರ್ಷದ ನಿರ್ವಹಣೆಯೂ ಗುತ್ತಿಗೆಯಲ್ಲೇ ಸೇರಿದೆ. ಹಾಗಿದ್ದ ಮೇಲೆ ದೂರು ಯಾರಿಗೆ ಕೊಡಬೇಕು, ಎಷ್ಟು ಗಂಟೆಯೊಳಗೆ ಸರಿಪಡಿಸಬೇಕು, ತಪ್ಪಿದರೆ ದಂಡವೆಷ್ಟು ಎಂಬುದನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ. ಗ್ರಾಮಸಭೆಗಳು ಮೊದಲು ಇದನ್ನು ಕೇಳಬೇಕು.