ನಂಬಿಕೆಯೆಂಬ ಮದ್ದು ಮತ್ತು ಅದರ ಮೇರೆ

ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯಕ್ಕೆ ಬಂದವರು, 9ನೇ ಶತಮಾನದ ಆ ಗುಡಿಯ ಮೇಲ್ಛಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ನರ್ತಿಸುವ ಶಿವನನ್ನು ಕತ್ತೆತ್ತಿ ನೋಡಿ ಬೆರಗಾಗುತ್ತಾರೆ. ನನಗಾದರೋ ಆ ಗುಡಿಯೆಂದರೆ ಮೊದಲು ನೆನಪಾಗುವುದು ಅಜ್ಜಿಯ ಕೈಯ ವಿಭೂತಿ. ಹೊಟ್ಟೆನೋವೆಂದು ಅತ್ತಾಗ ಆಕೆ ಅಲ್ಲಿಗೆ ಕರೆದೊಯ್ದು, ನನ್ನ ಹಣೆಗೆ ವಿಭೂತಿಯಿಟ್ಟು, ಬೆನ್ನು ಸವರಿ, “ಹೋಯ್ತು ಬಿಡು ಮಗಾ” ಎನ್ನುತ್ತಿದ್ದಳು. ಮನೆಗೆ ಮರಳುವಷ್ಟರಲ್ಲಿ ನೋವು ಅಡಗಿರುತ್ತಿತ್ತು. ಅದು ಕೇವಲ ಮಗುವಿನ ಭ್ರಮೆಯೇ? ಇಂದಿನ ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ.

ಔಷಧದ ಅಂಶವೇ ಇಲ್ಲದ ಗುಳಿಗೆಯಿಂದಲೂ ಹಲವರಿಗೆ ಉಪಶಮನ ದೊರೆಯುವುದುಂಟು. ಇದಕ್ಕೆ ‘ಪ್ಲಸೀಬೊ’ ಪರಿಣಾಮವೆಂದು ಹೆಸರು. ‘ಸಂತೋಷಪಡಿಸುವೆನು’ ಎಂಬುದು ಆ ಲ್ಯಾಟಿನ್ ಪದದ ಅರ್ಥ. 1955ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಬರೆದ ಲೇಖನವು ಇದರತ್ತ ವೈದ್ಯಲೋಕದ ಗಮನ ಸೆಳೆಯಿತು. ಕೆಲವು ನೋವುಗಳು ತಾವಾಗಿಯೇ ಶಮನವಾಗುತ್ತವೆಂಬುದು ನಿಜ. ಅದನ್ನು ಕಳೆದ ಮೇಲೂ ಉಳಿಯುವ ಪರಿಣಾಮಕ್ಕೆ ವಿದ್ವಾಂಸರು ಮುಖ್ಯವಾಗಿ ಎರಡು ಕಾರಣಗಳನ್ನು ಕೊಡುತ್ತಾರೆ.

ಮೊದಲನೆಯದು ನಂಬಿಕೆ, ಅಂದರೆ ಗುಣವಾಗುವುದೆಂಬ ನಿರೀಕ್ಷೆ. 1978ರಲ್ಲಿ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ ಎಂಬುವರು ಹಲ್ಲು ಕೀಳಿಸಿಕೊಂಡವರನ್ನು ಪರೀಕ್ಷಿಸಿದರು. ಹುಸಿಮದ್ದಿನಿಂದ ನೋವು ತಗ್ಗಿದವರಿಗೆ, ಅಫೀಮಿನ ಗುಣವನ್ನು ತಡೆಯುವ ನಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಹೆಚ್ಚಿತು. ನಂಬಿದ ಮನಸ್ಸು ದೇಹದೊಳಗಿನ ನೋವುನಿವಾರಕಗಳನ್ನೇ ಹೊರತರುತ್ತದೆಂಬುದಕ್ಕೆ ಇದು ಆಧಾರವಾಯಿತು.

ಎರಡನೆಯದು ದೇಹದ ರೂಢಿ. ಹುಣಸೆಹಣ್ಣನ್ನು ಕಂಡೊಡನೆ ಬಾಯಲ್ಲಿ ನೀರೂರುವುದಿಲ್ಲವೇ? ರಷ್ಯದ ಪಾವ್ಲೋವ್ ನಾಯಿಗಳಲ್ಲಿ ಕಂಡದ್ದು ಇದನ್ನೇ. 1975ರಲ್ಲಿ ಏಡರ್ ಮತ್ತು ಕೋಹೆನ್ ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರಿನ ಜೊತೆಗೆ ರೋಗನಿರೋಧ ಶಕ್ತಿಯನ್ನು ಕುಗ್ಗಿಸುವ ಔಷಧ ಕೊಟ್ಟರು. ಮುಂದೆ ಬರಿಯ ಸಿಹಿನೀರು ಕುಡಿದಾಗಲೂ ಆ ಶಕ್ತಿ ಕುಗ್ಗಿತು. ಇಲಿಗೆ ಔಷಧದ ಮೇಲೆ ಶ್ರದ್ಧೆಯೆಲ್ಲಿಯದು? ಅಲ್ಲಿ ಕಲಿತದ್ದು ದೇಹ. ಅಜ್ಜಿಯ ವಿಭೂತಿಯಲ್ಲಿ ಈ ಎರಡೂ ಕೂಡಿದ್ದವು: ಆಕೆಯ ಮಾತಿನಲ್ಲಿ ನನಗಿದ್ದ ನಂಬಿಕೆ, ಆ ಸ್ಪರ್ಶದೊಡನೆ ಹಲವು ಸಲ ಸುಖ ಕಂಡ ಶರೀರದ ರೂಢಿ.

ಆದರೆ ಈ ಮದ್ದಿಗೆ ಮೇರೆಯುಂಟು. ನಾನು ಬಾಲಕನಾಗಿದ್ದಾಗ ತೋಟದಲ್ಲಿ ಒಬ್ಬರಿಗೆ ಹಾವು ಕಚ್ಚಿತು. ಮಂತ್ರ ಹಾಕಿಸಿದರು, ಬದುಕಿದರು. ಮರುವರ್ಷ ತೆಂಗಿನ ಸಿಪ್ಪೆಯ ರಾಶಿಗೆ ಕೈಯಿಟ್ಟ ಇನ್ನೊಬ್ಬರಿಗೆ ಕಚ್ಚಿತು. ಅದೇ ಮಂತ್ರ, ಅದೇ ಭಕ್ತಿ. ಬೆಳಗಾಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಊರು ಅದನ್ನು ಹಣೆಬರಹವೆಂದಿತು. ಬಹುಕಾಲದ ಮೇಲೆ ನನಗೆ ತಿಳಿಯಿತು: ಹೆಚ್ಚಿನ ಹಾವುಗಳಿಗೆ ವಿಷವಿಲ್ಲ, ವಿಷವುಳ್ಳದ್ದೂ ಕಚ್ಚಿದಾಗಲೆಲ್ಲ ವಿಷವುಣಿಸುವುದಿಲ್ಲ. ಮಂತ್ರಕ್ಕೆ ಕೀರ್ತಿ ತಂದುಕೊಟ್ಟದ್ದು ಅಂಥ ಕಡಿತಗಳೇ. ನಾಗರ, ಕೊಳಕುಮಂಡಲಗಳ ವಿಷ ರಕ್ತಕ್ಕೆ ಸೇರಿದ ಮೇಲೆ ಅದಕ್ಕೆ ನಮ್ಮ ನಂಬಿಕೆಯ ಗೊಡವೆಯಿಲ್ಲ. ಆಗ ಬೇಕಾದದ್ದು ಆಸ್ಪತ್ರೆಯ ಪ್ರತಿವಿಷ. ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿಸಿಕೊಂಡವರನ್ನು ನಡೆಸದೆ, ಕೂಡಲೇ ಅಲ್ಲಿಗೆ ಒಯ್ಯಬೇಕು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿ, ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕೆಂದು ವಿಧಿಸಿದೆ.

ಹಾಗಾದರೆ ಶ್ರದ್ಧೆ ಸುಳ್ಳೇ? ಅಲ್ಲ. 2010ರಲ್ಲಿ ಅಮೆರಿಕದ ಟೆಡ್ ಕ್ಯಾಪ್ಚುಕ್ ಮತ್ತು ಸಂಗಡಿಗರು ಕರುಳಿನ ತೊಂದರೆಯಿದ್ದ 80 ಮಂದಿಯಲ್ಲಿ ಕೆಲವರಿಗೆ, “ಇದು ಔಷಧವಿಲ್ಲದ ಗುಳಿಗೆ” ಎಂದು ಹೇಳಿಯೇ ಕೊಟ್ಟರು. ಗುಳಿಗೆ ಪಡೆಯದವರಿಗಿಂತ ಅವರಿಗೆ ಹೆಚ್ಚು ಉಪಶಮನವಾಯಿತು. ಸಾಂತ್ವನಕ್ಕೆ ವಂಚನೆ ಬೇಕಿಲ್ಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ಶರಣರು ವೈದ್ಯವೃತ್ತಿಯನ್ನೂ ಕಾಯಕವೆಂದು ಗೌರವಿಸಿದರು ಎಂಬುದನ್ನು ಮರೆಯಬಾರದು. ತಾಯಂದಿರೇ, ಮಗುವಿನ ಹಣೆಗೆ ವಿಭೂತಿಯಿಡಿ, ಬೆನ್ನನ್ನೂ ಸವರಿ. ಜ್ವರ ಇಳಿಯದಿದ್ದರೆ, ಹಾವು ಕಚ್ಚಿದರೆ, ಆ ವಿಭೂತಿ ಹಣೆಯಲ್ಲಿರುವಂತೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ರದ್ಧೆ ಜೊತೆಯಲ್ಲಿ ಬರಲಿ, ದಾರಿಗೆ ಅಡ್ಡ ನಿಲ್ಲದಿರಲಿ.