ಖಾತರಿಯ ಚೀಟಿ, ಗಿರಾಕಿಯ ಸಿಟ್ಟು

ಲಗ್ನಪತ್ರಿಕೆಯಲ್ಲಿ ಬಂಧುಗಳ ಹೆಸರು ಬಿಟ್ಟುಹೋಗಿದೆಯೇ ಎಂದು ಹತ್ತು ಸಲ ಓದಿ ನೋಡುವ ಗೃಹಸ್ಥರು, ಐವತ್ತು ಸಾವಿರ ರೂಪಾಯಿ ತೆತ್ತು ತಂದ ಕಂಪ್ಯೂಟರಿನ ಖಾತರಿ ಪತ್ರವನ್ನು ಒಂದು ಸಲವೂ ಓದದೆ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಅದು ಹೊರಗೆ ಬರುವುದು ಯಂತ್ರ ಮುಷ್ಕರ ಹೂಡಿದ ದಿನ. ಆಗಲೂ ಓದುವುದಕ್ಕಲ್ಲ, ಅಂಗಡಿಯವನ ಮೇಜಿನ ಮೇಲೆ ಬಡಿಯುವುದಕ್ಕೆ.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ (ಜನರ ಬಾಯಲ್ಲಿ ಅದು ಎಸ್.ಪಿ. ರೋಡು) ಈ ನಾಟಕ ಹೊಸದಲ್ಲ. ಇಕ್ಕಟ್ಟಾದ ಓಣಿ, ಕಿರಿದಾದ ಮಳಿಗೆ, ಎದೆಮಟ್ಟದ ಮೇಜಿನಾಚೆ ಸ್ಕ್ರೂಡ್ರೈವರ್ ಹಿಡಿದು ಕುಳಿತ ಹುಡುಗ. ಅವನ ಸುತ್ತ ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಲ್ಯಾಪ್‌ಟಾಪುಗಳು. ಸಂಭಾಷಣೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ನಾಲ್ಕು ತಿಂಗಳ ಹಿಂದೆ ನೀನೇ ರಿಪೇರಿ ಮಾಡಿಕೊಟ್ಟದ್ದು. ಆರು ತಿಂಗಳು ಗ್ಯಾರಂಟಿ ಎಂದೆ. ಈಗ ಪರದೆಯೇ ಕಪ್ಪು!”

“ಸಾರ್, ನಾವು ಹಾಕಿದ್ದು ಕೀಬೋರ್ಡು. ಗ್ಯಾರಂಟಿ ಇರೋದು ಅದಕ್ಕೆ. ಈಗ ಹೋಗಿರೋದು ಡಿಸ್‌ಪ್ಲೇ.”

“ಎರಡೂ ಒಂದೇ ಯಂತ್ರದಲ್ಲಿ ಇರೋದಲ್ಲವೇನಯ್ಯಾ?”

ಗಿರಾಕಿಯ ತರ್ಕವನ್ನು ನಕ್ಕು ತಳ್ಳಿಬಿಡುವಂತಿಲ್ಲ. ಅವರ ಕಣ್ಣಿಗೆ ಯಂತ್ರ ಒಂದೇ. ಕೆಲಸ ಮಾಡಿದರೆ ಸರಿ, ಮಾಡದಿದ್ದರೆ ಕೆಟ್ಟಿದೆ. ಕಸುಬುದಾರನಿಗಾದರೋ ಅದು ಬೇರೆಬೇರೆ ಆಯುಸ್ಸಿನ ಬಿಡಿಭಾಗಗಳ ಅವಿಭಕ್ತ ಕುಟುಂಬ. ತಾನು ಹೊಸದಾಗಿ ಕೂರಿಸಿದ ಭಾಗಕ್ಕೆ, ತಾನು ಮಾಡಿದ ಕೈಕೆಲಸಕ್ಕೆ ಅವನ ಹೊಣೆ, ಉಳಿದದ್ದಕ್ಕಲ್ಲ. ಹಲ್ಲು ಕೀಳಿಸಿಕೊಂಡವರು ಮೊಣಕಾಲು ನೋವಿಗೆ ದಂತವೈದ್ಯರನ್ನು ಹಿಡಿದುಕೊಳ್ಳುವುದಿಲ್ಲವಷ್ಟೆ. ಆದರೂ ಇಲ್ಲೊಂದು ಸೂಕ್ಷ್ಮವಿದೆ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡು ಬದಲಿಸಬೇಕಾದರೆ ಒಳಗಿನ ಸಂಸಾರವನ್ನೆಲ್ಲ ಹೊರಗೆ ತೆಗೆಯಬೇಕು. ಪರದೆಗೆ ಹೋಗುವ ತೆಳುವಾದ ಕೇಬಲನ್ನು ಬಿಚ್ಚಿ ಮತ್ತೆ ಸಿಕ್ಕಿಸಬೇಕು. ಅದು ಅರ್ಧಂಬರ್ಧ ಕುಳಿತಿದ್ದರೆ ನಾಲ್ಕು ತಿಂಗಳ ಮೇಲೆ ಕೈಕೊಟ್ಟೀತು. ಆದ್ದರಿಂದ ತಿಳಿವಳಿಕೆಯುಳ್ಳ ಕಸುಬುದಾರ ವಾದಕ್ಕೆ ಇಳಿಯುವ ಮೊದಲು ಮುಚ್ಚಳ ಬಿಚ್ಚಿ ನೋಡುತ್ತಾನೆ.

ತಯಾರಕರ ಖಾತರಿಯ ಬಗೆಯೇ ಬೇರೆ. ಅದು ತಯಾರಿಕೆಯ ದೋಷಕ್ಕೆ ಮಾತ್ರ. ಬಿದ್ದುದಕ್ಕೆ, ನೆನೆದುದಕ್ಕೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ. ಕೆಲವು ಯಂತ್ರಗಳ ಒಳಗೆ ತೇವ ತಗುಲಿದರೆ ಕೆಂಪಾಗುವ ಪುಟ್ಟ ಬಿಳಿಯ ಚೀಟಿಯನ್ನು ಅಂಟಿಸಿರುತ್ತಾರೆ. ‘ಒಂದು ತೊಟ್ಟು ನೀರು ಸೋಕಿಸಿಲ್ಲ’ ಎಂದು ಆಣೆಯಿಡುವ ಯಜಮಾನರ ಮಾತು ಹಲವು ವೇಳೆ ಅಕ್ಷರಶಃ ನಿಜ, ಸೋಕಿದ್ದು ಕಾಫಿ.

ಕಾನೂನು ಈ ವ್ಯವಹಾರದಲ್ಲಿ ಎಂದೋ ಕಾಲಿಟ್ಟಿದೆ. 1930ರ ಸರಕು ಮಾರಾಟ ಕಾಯಿದೆ ಷರತ್ತಿಗೂ ವಾರಂಟಿಗೂ ಭೇದ ಕಲ್ಪಿಸಿತು. ಒಪ್ಪಂದದ ಮುಖ್ಯ ಉದ್ದೇಶಕ್ಕೇ ಮೂಲವಾದ ಮಾತು ಷರತ್ತು. ಅದು ಮುರಿದರೆ ಕೊಂಡವನು ಒಪ್ಪಂದವನ್ನೇ ಕಳಚಿಕೊಳ್ಳಬಹುದು. ಅದಕ್ಕೆ ಪೋಷಕವಾದ ಮಾತು ವಾರಂಟಿ. ಅದು ಮುರಿದರೆ ನಷ್ಟ ಕೇಳಬಹುದೇ ಹೊರತು ಸರಕನ್ನು ತಿರಸ್ಕರಿಸುವಂತಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇನ್ನೂ ಮುಂದೆ ಹೋಗಿ, ಬಿಲ್ಲು ಕೊಡದಿರುವುದನ್ನೂ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ಪಡೆಯಲು ಒಪ್ಪದಿರುವುದನ್ನೂ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ದೂರು ಕೊಡಲು ಎರಡು ವರ್ಷಗಳ ಅವಕಾಶವಿದೆ. ಆದರೆ ‘ಬಿಲ್ಲು ಬೇಡ, ಸ್ವಲ್ಪ ಕಡಿಮೆ ಮಾಡಿಕೊಳ್ಳಿ’ ಎಂದು ಚೌಕಾಸಿ ಮಾಡಿದ ಗಿರಾಕಿ, ‘ಆಗಲಿ’ ಎಂದು ತಲೆಯಾಡಿಸಿದ ಅಂಗಡಿಯವನು, ಇಬ್ಬರೂ ಸೇರಿ ಈ ರಕ್ಷಣೆಯ ಬುಡಕ್ಕೇ ಕೊಡಲಿ ಹಾಕಿರುತ್ತಾರೆ.

ಇನ್ನು ನ್ಯಾಯಕ್ಕೆ ಬಗ್ಗದ ಗಿರಾಕಿಗಳು. ಇವರಲ್ಲಿಯೂ ಜಾತಿಗಳುಂಟು. ‘ನನ್ನ ಅಳಿಯ ಅಮೆರಿಕದಲ್ಲಿ ಇಂಜಿನಿಯರು, ಇದು ಹತ್ತು ನಿಮಿಷದ ಕೆಲಸ ಅಂತಾನೆ’ ಎಂದು ಕೂಲಿಯನ್ನು ಮುರಿಯುವವರು ಒಂದು ಬಗೆ. ಎಲ್ಲಿಂದಲೋ ಅಗ್ಗಕ್ಕೆ ತರಿಸಿದ ಬಿಡಿಭಾಗವನ್ನು ತಂದು, ಅದನ್ನು ಕೂರಿಸಿದ ತಪ್ಪಿಗೆ ಅದರ ಖಾತರಿಯನ್ನೂ ಕೂರಿಸಿದವನ ತಲೆಗೆ ಕಟ್ಟುವವರು ಇನ್ನೊಂದು. ದೊಡ್ಡ ದನಿಯಲ್ಲಿ ಓಣಿಯವರನ್ನೆಲ್ಲ ಸೇರಿಸುವವರಿಗಿಂತ, ಮೆಲುದನಿಯಲ್ಲಿ ‘ಅಂತರಜಾಲದಲ್ಲಿ ಒಂದೇ ನಕ್ಷತ್ರ ಹಾಕಿಬಿಡುತ್ತೇನೆ’ ಎನ್ನುವವರಿಗೆ ಅಂಗಡಿಯವನು ಹೆಚ್ಚು ಹೆದರುತ್ತಾನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು; ಬಾಡಿಗೆ ಮಳಿಗೆಯ ಸಣ್ಣ ಕಸುಬುದಾರನಿಗೆ ಆ ಮಾನವೇ ಬಂಡವಾಳ. ಇಂಥ ಬೆದರಿಕೆಗೆ ಮಣಿದು ಅವನು ಪುಕ್ಕಟೆಯಾಗಿ ಮಾಡಿಕೊಟ್ಟ ಕೆಲಸದ ಖರ್ಚು ಎಲ್ಲಿಗೆ ಹೋದೀತು? ಮುಂದಿನ ಸಾಧು ಗಿರಾಕಿಯ ಬಿಲ್ಲಿಗೆ. 1986ರ ಹಳೆಯ ಗ್ರಾಹಕ ಕಾಯಿದೆಯಲ್ಲಿ, ಹುರುಳಿಲ್ಲದ ದೂರು ಹೊತ್ತು ತಂದವರ ಮೇಲೆ ಹತ್ತು ಸಾವಿರ ರೂಪಾಯಿಯವರೆಗೆ ಖರ್ಚು ಹೊರಿಸುವ ಅವಕಾಶವಿತ್ತೆಂಬುದು ಇಲ್ಲಿ ನೆನೆಯತಕ್ಕದ್ದು.

ಅನುಭವಸ್ಥರು ಜಗಳವನ್ನು ಗೆಲ್ಲುವುದಿಲ್ಲ, ಹುಟ್ಟಗೊಡುವುದಿಲ್ಲ. ಯಂತ್ರ ಕೈಗೆ ಬಂದೊಡನೆ ಅದರ ಕ್ರಮಸಂಖ್ಯೆ, ಮೇಲಿನ ಗೀರು, ಮುರಿದ ಮೂಲೆ, ಚಾಲೂ ಆಗುತ್ತದೆಯೋ ಇಲ್ಲವೋ ಎಂಬುದು, ಎಲ್ಲವನ್ನೂ ಚೀಟಿಯಲ್ಲಿ ಬರೆದು ಗಿರಾಕಿಯ ಸಹಿ ಪಡೆಯುತ್ತಾರೆ. ಅಂದಾಜು ವೆಚ್ಚಕ್ಕೆ ಒಪ್ಪಿಗೆ ಸಿಕ್ಕ ಮೇಲೆಯೇ ಕೈಹಾಕುತ್ತಾರೆ. ತೆಗೆದ ಹಳೆಯ ಭಾಗವನ್ನು ಕವರಿನಲ್ಲಿ ಹಾಕಿ ಕೊಡುತ್ತಾರೆ. ‘ಆರು ತಿಂಗಳು ಗ್ಯಾರಂಟಿ’ ಎಂದಷ್ಟೇ ಬರೆಯದೆ ಯಾವುದಕ್ಕೆ ಎಂಬುದನ್ನೂ ಬರೆಯುತ್ತಾರೆ. ಮೇಲಿನ ಸಂಭಾಷಣೆಯ ಜಗಳಕ್ಕೆ ಕಾರಣ ಆ ಒಂದು ಪದ ಬಿಟ್ಟುಹೋದದ್ದೇ ಹೊರತು ಕೀಬೋರ್ಡೂ ಅಲ್ಲ, ಪರದೆಯೂ ಅಲ್ಲ.

ಸಿಟ್ಟಿಗೆ ನಿಜವಾದ ಸಂಕಟ ಬೆನ್ನಿಗಿರುವ ಸಂದರ್ಭವೊಂದಿದೆ. ಹಾರ್ಡ್ ಡಿಸ್ಕ್ ಕೆಡುತ್ತದೆ. ಖಾತರಿಯ ಪ್ರಕಾರ ಹೊಸ ಡಿಸ್ಕ್ ಬರುತ್ತದೆ, ಖಾಲಿಯಾಗಿ. ಮಗುವಿನ ಮೊದಲ ಹೆಜ್ಜೆಯ ಚಿತ್ರ, ತೀರಿಕೊಂಡ ತಂದೆಯ ದನಿ, ಸಂಶೋಧನೆಯ ವಿದ್ಯಾರ್ಥಿನಿಯ ಮೂರು ವರ್ಷದ ಬರವಣಿಗೆ, ಇವು ಯಾವ ಖಾತರಿಯಲ್ಲಿಯೂ ಸೇರಿಲ್ಲ. ಬದಲಿಸಿದ ಹಳೆಯ ಡಿಸ್ಕ್ ಸಾಮಾನ್ಯವಾಗಿ ಕಂಪನಿಯ ಪಾಲಾಗುತ್ತದೆ. ತಿರುಗುವ ತಟ್ಟೆಯ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ತೇಲುವ ಓದುಮುಳ್ಳು ತಟ್ಟೆಗೆ ತಾಗಿ ‘ಟಿಕ್ ಟಿಕ್’ ಎಂದು ಸದ್ದು ಮಾಡಿದರೆ ಆ ಕ್ಷಣವೇ ವಿದ್ಯುತ್ತನ್ನು ನಿಲ್ಲಿಸಬೇಕು. ಗಾಬರಿಗೊಂಡ ಮನೆಯವರು ಇಪ್ಪತ್ತು ಸಲ ಆರಿಸಿ ಹಚ್ಚಿ ನೋಡಿರುತ್ತಾರೆ. ಒಂದೊಂದು ಸಲವೂ ತಟ್ಟೆಯ ಮೇಲೆ ಹೊಸ ಗೀರು ಬಿದ್ದಿರಬಹುದು. ಇಂಥವರ ಎದುರು ಖಾತರಿಯ ಕಲಮುಗಳನ್ನು ಓದಿ ಹೇಳುವುದು ಸಾವಿನ ಮನೆಯಲ್ಲಿ ಲೆಕ್ಕದ ಪುಸ್ತಕ ಬಿಚ್ಚಿದಂತೆ. ಕುರ್ಚಿ ಎಳೆದು ಕೂರಿಸಿ, ಒಂದು ಲೋಟ ಚಹಾ ತರಿಸಿ, ‘ಅಮ್ಮಾ, ಇದರ ನಕಲು ಇನ್ನೆಲ್ಲಾದರೂ ಇದೆಯೇ?’ ಎಂದು ವಿಚಾರಿಸುವವನೇ ಜಾಣ.

ಗಲಾಟೆ ಮಾಡುವವರಾದರೂ ಅಂಗಡಿಗೆ ಬರುತ್ತಾರೆ. ಬಾರದೆ ಹೋಗುವವರದೇ ಇನ್ನೊಂದು ಕಥೆ. ರಿಪೇರಿಗೆಂದು ಕೊಟ್ಟು, ಮೊತ್ತ ಕೇಳಿ ಬೆಚ್ಚಿ, ಮತ್ತೆ ತಲೆ ಹಾಕದವರ ಯಂತ್ರಗಳು ಅಟ್ಟದ ಮೇಲೆ ಸಾಲಾಗಿ ಕುಳಿತಿರುತ್ತವೆ. 1872ರ ಭಾರತೀಯ ಕರಾರು ಕಾಯಿದೆಯ 170ನೆಯ ಕಲಮಿನಂತೆ, ಕೂಲಿ ಸಲ್ಲುವವರೆಗೆ ವಸ್ತುವನ್ನು ತಡೆಹಿಡಿಯುವ ಹಕ್ಕು ಕೆಲಸಗಾರನಿಗುಂಟು. ಅಲ್ಲಿ ಕೊಟ್ಟಿರುವ ಉದಾಹರಣೆ ಸಾಣೆ ಹಿಡಿಯಲು ಕೊಟ್ಟ ವಜ್ರದ್ದು. ವಜ್ರವನ್ನು ಬಿಟ್ಟುಹೋಗುವವರು ಅಪರೂಪ. ಹತ್ತು ವರ್ಷದ ಲ್ಯಾಪ್‌ಟಾಪು ಅಂಥದಲ್ಲ. ಇಟ್ಟುಕೊಳ್ಳಬಹುದು, ಆ ಹಕ್ಕಿನ ಬಲದಿಂದಲೇ ಮಾರುವಂತಿಲ್ಲ. ಅಷ್ಟೇ ಅಲ್ಲ, 151ನೆಯ ಕಲಮು ಅದನ್ನು ತನ್ನ ಸ್ವಂತ ವಸ್ತುವಿನಂತೆ ಜೋಪಾನವಾಗಿ ನೋಡಿಕೊಳ್ಳಬೇಕೆನ್ನುತ್ತದೆ. ಮಳೆಗಾಲ ಬಂದು ಚಾವಣಿ ಸೋರತೊಡಗಿದಾಗ ಅಟ್ಟ ಹತ್ತಿ ಆ ಅನಾಥ ಯಂತ್ರಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುವುದೂ ಅಂಗಡಿಯ ಹುಡುಗನ ಪಾಲಿನ ಕೆಲಸ.